ಬುದ್ಧನ ಪಕ್ಕದಿಂದ ಇಳಿದ ಕೋಳಿ

ನನ್ನ ಮೊಮ್ಮಗಳು ಮಪ್ರಾಂಗ್‌ಗೆ ನಾಲ್ಕು ವರ್ಷ. ದಿನವಿಡೀ ಪಟಪಟ ಮಾತು. ಆದರೆ ‘ಅಕ್ಷರ’ ಎಂದರೆ ಸಾಕು, ಮೆಟ್ಟಿಲಿಳಿದು ಓಡಿ ಮನೆಯನ್ನು ಎತ್ತಿ ನಿಲ್ಲಿಸಿದ ಕಂಬಗಳ ನಡುವೆ, ನನ್ನ ಮಗ್ಗದ ಹಿಂದೆ ಅಡಗುತ್ತಿದ್ದಳು. ಬಾಲವಾಡಿಯಲ್ಲೂ ಟೀಚರ್ ಪುಸ್ತಕ ತೆಗೆದರೆ ಮೇಜಿನ ಕೆಳಗೆ. ಯಾರ ದೃಷ್ಟಿ ತಾಗಿತೋ ತಿಳಿಯದೆ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿಸಿದೆ. ದಾರ ಕೊಳೆಯಾಯಿತು, ಭಯ ಹೋಗಲಿಲ್ಲ.

ನಾನೇನು ಕಡಿಮೆ ಮಾಡಿದ್ದೆ ಹೇಳಿ? ಪೇಟೆಯಿಂದ ಅಕ್ಷರಮಾಲೆಯ ಪಟ ತಂದು, ಬುದ್ಧನ ಪೀಠದ ಪಕ್ಕ, ತಲೆಗಿಂತ ಎತ್ತರದಲ್ಲಿ ತೂಗುಹಾಕಿದ್ದೆ. ಮಲ್ಲಿಗೆ ಮಾಲೆಯನ್ನೂ ಹಾಕಿದ್ದೆ. ದಿನಾ ಬೆಳಿಗ್ಗೆ ಮಗುವಿನಿಂದ ಕೈಮುಗಿಸಿ, ಕೋಲಿನಿಂದ ತೋರಿಸಿ, “ಇದೇನು?” ಎಂದು ಕೇಳುತ್ತಿದ್ದೆ. ಹೇಳದಿದ್ದರೆ ಅದೇ ಕೋಲು ಅಂಗೈಗೆ.

ಒಂದು ಶನಿವಾರ ಬಾಲವಾಡಿಯ ಟೀಚರ್ ರಂಪೈ ಮನೆಗೆ ಬಂದಳು. ಪಟ ನೋಡಿದಳು, ಕೆಳಗಿಳಿದು ಮಗ್ಗದ ಹಿಂದೆ ಬಗ್ಗಿ ಮಗುವನ್ನೂ ನೋಡಿದಳು.

“ಅಜ್ಜಿ, ಮಗು ಎಷ್ಟೆತ್ತರ, ಪಟ ಎಷ್ಟೆತ್ತರ?”

“ಅಕ್ಷರ ಕಾಲಡಿ ಬರಬಾರ್ದಮ್ಮ. ಪಾಪ ಸುತ್ಕೊಳ್ಳುತ್ತೆ.”

“ಕಾಲಡಿ ಬೇಡ, ಕೈಗೆ ಎಟುಕಿದ್ರೆ ಸಾಕು. ಒಂದು ಮೊರ ಕೊಡಿ, ಒಂದು ಹಿಡಿ ನುಚ್ಚು ಕೊಡಿ.”

“ಪಾಠ ಮಾಡ್ತೀಯೋ, ಅಡುಗೆ ಮಾಡ್ತೀಯೋ?”

ನಮ್ಮ ಥಾಯ್ ಅಕ್ಷರಮಾಲೆ ಕೋಳಿಯಿಂದ ಶುರು. ಮೊದಲ ಅಕ್ಷರ ‘ಕೊ’, ಅದರ ಚಿತ್ರ ಕೋಳಿ. ರಂಪೈ ಇದ್ದಿಲಿನಿಂದ ಮೊರದ ಮೇಲೆ ಅದನ್ನು ಬರೆದಳು: ಎಡಕ್ಕೆ ಪುಟ್ಟ ಕೊಕ್ಕು, ಬಾಗಿದ ಬೆನ್ನು, ಎರಡು ಕಾಲು. ಮಗುವಿನ ಕಡೆ ತಿರುಗಿಯೂ ನೋಡದೆ, “ಅಯ್ಯೋ, ಈ ಕೋಳಿಗೆ ಹಸಿವಂತೆ. ಕಾಳು ಹಾಕೋರು ಯಾರೂ ಇಲ್ವಾ?” ಎಂದಳು.

ಮಗ್ಗದ ಹಿಂದಿನಿಂದ ಒಂದು ಕಣ್ಣು ಇಣುಕಿತು. ಆಮೇಲೆ ಮಗುವೇ ಬಂತು. ಗೆರೆಯ ಮೇಲೆ ನುಚ್ಚು ಜೋಡಿಸತೊಡಗಿತು. ಅಷ್ಟರಲ್ಲಿ ನಮ್ಮ ಕರಿ ಕೋಳಿ ಮೊರಕ್ಕೆ ನುಗ್ಗಿತು.

“ಅಜ್ಜೀ! ಕೋಳಿ ಕೋಳಿ ಕಾಲು ತಿಂದ್ಬಿಡ್ತು!”

“ಯಾವ ಕೋಳಿ, ಯಾವ ಕೋಳೀದು?” ನನಗೆ ತಲೆಬುಡ ತಿಳಿಯಲಿಲ್ಲ. ಮಗು ಮಾತ್ರ ಬಿದ್ದು ಬಿದ್ದು ನಗುತ್ತಿತ್ತು. ಮತ್ತೆ ಜೋಡಿಸಿತು, ಮತ್ತೆ ಕೋಳಿ ತಿಂದಿತು. ನಾಲ್ಕನೆಯ ಸಲ ನುಚ್ಚು ಹರಡಿ ಬೆರಳಿನಿಂದ ತಾನೇ ಬರೆಯಿತು. ಆದರೆ ಕೊಕ್ಕು ಬಲಕ್ಕೆ! ನನ್ನ ಕೈ ತಾನಾಗಿ ಕೋಲಿನತ್ತ ಹೋಯಿತು. ರಂಪೈ ಹಿಡಿದುಕೊಂಡಳು.

“ಇವತ್ತು ಕೋಳಿ ಆ ಕಡೆ ನೋಡ್ತಿದೆ ಅಜ್ಜಿ. ನಾಳೆ ಈ ಕಡೆ ತಿರುಗುತ್ತೆ. ಹೊಡೆದ್ರೆ ಓಡಿಹೋಗುತ್ತೆ.”

“ಇದು ಕಲಿಯೋದೋ, ಆಡೋದೋ?”

“ನೀವು ನೇಯೋದು ಹೇಗೆ ಕಲಿತ್ರಿ?”

“ಅಮ್ಮನ ಮಗ್ಗದ ಕೆಳಗೆ ಕೂತು, ದಾರದ ಚೂರು ಇಟ್ಕೊಂಡು ಆಡ್ತಾ…” ಎಂದವಳು ಮಗ್ಗದ ಕಡೆ ನೋಡಿದೆ.

ಸಂಜೆ ದೀಪ ಹಚ್ಚುವಾಗ ಮಪ್ರಾಂಗ್ ಪಟ ನೋಡಿ ಕೇಳಿದಳು: “ಅಜ್ಜಿ, ಮೇಲಿರೋ ಕೋಳಿಗೆ ಹಸಿವಾಗಲ್ವಾ?”

ಮೊದಲ ಸಲ ತಾನಾಗಿ ಅಕ್ಷರದ ಸುದ್ದಿ ಎತ್ತಿದ್ದಳು. ನನ್ನ ಕಣ್ಣು ತುಂಬಿತು. ಬುದ್ಧನ ಕ್ಷಮೆ ಕೇಳಿ ಪಟವನ್ನು ಅವಳ ಎದೆಯೆತ್ತರಕ್ಕೆ ಇಳಿಸಿದೆ. ಅದು ತಪ್ಪೋ ಸರಿಯೋ ಎಂಬ ಗೊಂದಲ ಇನ್ನೂ ಹೋಗಿಲ್ಲ. ಆದರೆ ಮಗ್ಗದ ಹಿಂದೆ ಈಗ ಯಾರೂ ಅಡಗುವುದಿಲ್ಲ.

ತಾಯಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲಿ ಅಕ್ಷರ ಎಷ್ಟು ಎತ್ತರದಲ್ಲಿದೆ? ಇವತ್ತೇ ಮಗುವಿನ ಕೈಗೆ ಎಟುಕಿಸಿ. ಒಂದೇ ಅಕ್ಷರ, ಹತ್ತು ನಿಮಿಷದ ಆಟ, ತಪ್ಪಾದರೆ ಒಂದು ನಗು ಸಾಕು. ಕೋಲನ್ನೇನು ಮಾಡುವುದು ಎನ್ನುತ್ತೀರಾ? ನಾನು ನನ್ನದನ್ನು ಕೋಳಿಗೂಡಿನ ಬಾಗಿಲಿಗೆ ಅಗುಳಿ ಮಾಡಿದ್ದೇನೆ.