ಸೋಮಪ್ಪ ಬಿದ್ದಿದ್ದಾನೆ

ಚರ್ಮದ ಚೆಂಡಿನ ಬಾಯಿ ಬಿಗಿದ ಲಾಡಿ ಮೇಲೆ ಬಂದಿದೆ, ಗಂಟಿಗೆ ಎರೆಮಣ್ಣು ಮೆತ್ತಿದೆ, ಒದೆಯುವಾಗ ಅದು ಹೆಬ್ಬೆರಳಿಗೆ ಬಡಿದರೆ ಉಗುರು ಹೋಗುತ್ತದೆ, ತಿರುಗಿಸಿ ಇಡಬೇಕು ಎಂದು ಲಗಮಪ್ಪ ಬಗ್ಗಿದ, ಬೆನ್ನ ಹಿಂದೆ ಬೈಲಹೊಂಗಲದ ಇಡೀ ಮೈದಾನ ಹೊಡಿ ಹೊಡಿ ಎಂದು ಕಿರುಚುತ್ತಿದೆ, ಹೊಡಿಯಾಕ ಬಂದೇನಿ ಮತ್ತ, ಇಲ್ಲೇನು ಬಿತ್ತಾಕ ಬಂದೇನಿ — ಒಂದು ಗೋಲು, ಅಷ್ಟೇ, ಎರಡೂ ಕಡೆ ಸೊನ್ನೆ, ಆಟ ಮುಗಿಯುತ್ತ ಬಂತು, ಇದು ಒಳಗೆ ಹೋದರೆ ಕಪ್ ಈ ಊರಿನದು, ನಲವತ್ತು ದಾಟಿದ ಮೊಣಕಾಲಿಗೆ ಮುಂದಿನ ವರ್ಷ ಅಂತ ಇಲ್ಲ. ಎಡಗಡೆ ನೋಡಬಾರದು. ಎಡಗಡೆ ಸೋಮಪ್ಪ ಬಿದ್ದಿದ್ದಾನೆ, ತನ್ನದೇ ತಂಡದ ಹುಡುಗ, ಕಿತ್ತೂರಿನವರ ಗೋಲಿನ ಮುಂದೆ ಚೆಂಡಿಗೆ ನುಗ್ಗಿದ, ಪಾದ ಕೆಸರಿನಲ್ಲಿ ಕಚ್ಚಿಕೊಂಡಿತು, ಮೈ ತಿರುಗಿತು, ಪಾದ ತಿರುಗಲಿಲ್ಲ, ಯಾರೂ ಮುಟ್ಟಿರಲಿಲ್ಲ, ಹಸಿ ಜೋಳದ ದಂಟು ಮುರಿದಂಥ ಸದ್ದು — ಚೆಂಡು ಉರುಳಿ ಕಿತ್ತೂರಿನ ಕ್ಯಾಪ್ಟನ್ ಅಂದಾನೆಪ್ಪನ ಕಾಲಿಗೆ ಬಿತ್ತು, ಅವನು ಒದೆಯಲಿಲ್ಲ, ಬಗ್ಗಿ ಎರಡೂ ಕೈಯಲ್ಲಿ ಎತ್ತಿಕೊಂಡ. ಬೈಲಹೊಂಗಲ, ಕಿತ್ತೂರು, ಸವದತ್ತಿ, ಈ ಸೀಮೆಯಲ್ಲಿ ಎಲ್ಲಿ ಆಡಿದರೂ ಅದೇ ಪದ್ಧತಿ, ಮನುಷ್ಯ ಬಿದ್ದರೆ ಚೆಂಡು ಯಾರ ಹತ್ತಿರ ಇದೆಯೋ ಅವರು ಕೈಯಿಂದ ಎತ್ತಬೇಕು, ಆಟ ನಿಲ್ಲಬೇಕು, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ, ಆದರೆ ಬೆಳಗಾವಿಯಿಂದ ಬಂದ ಈ ರೆಫರಿಗೆ ಪುಸ್ತಕದ ಆಟ ಮಾತ್ರ ಗೊತ್ತು, ಸೀಟಿ ಊದಿದ, ಕೈಗೆ ತಾಗಿತು, ಗೋಲಿನ ಮುಂದೆಯೇ ತಾಗಿತು, ಪೆನಾಲ್ಟಿ. ಹುಡುಗ ಬಿದ್ದಾನ್ರಿ ಸಾಹೇಬ್ರ, ಅದಕ್ಕ ಹಿಡದೇನಿ, ಎಂದ ಅಂದಾನೆಪ್ಪ. ರೆಫರಿ ಆಗದೆಂದು ತಲೆಯಾಡಿಸಿದ. ಲಗಮಪ್ಪ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಹೌದ್ರಿ, ನಮ್ಮ ಕಡೆ ಹಿಂಗ ಐತಿ ಅಂತ, ಹೇಳಲಿಲ್ಲ, ಯಾಕೆ ಹೇಳಬೇಕು, ಹೋದ ವರ್ಷ ಎಪ್ಪತ್ನಾಲ್ಕರಲ್ಲಿ ಸವದತ್ತಿಯ ಫೈನಲ್ಲಿನಲ್ಲಿ ಇದೇ ಕಿತ್ತೂರಿನವನೊಬ್ಬ ಹೊಟ್ಟೆ ಹಿಡಿದು ಬಿದ್ದ, ಮುಂದೆ ಗೋಲು ಬಯಲಾಗಿತ್ತು, ಓಡುತ್ತಿದ್ದ ಲಗಮಪ್ಪ ನಿಂತು ಚೆಂಡು ಎತ್ತಿದ, ಎತ್ತಿದ್ದೇ ತಡ ಆ ಮಗ ಎದ್ದು ಚಡ್ಡಿ ಝಾಡಿಸಿಕೊಂಡು ನಕ್ಕ, ಸೋತು ಮನೆಗೆ ಬಂದರೆ ಹೆಂಡತಿ ಪದ್ಮವ್ವ, ಪ್ಯಾಟ್ಯಾಗ ಹತ್ತಿ ಹೊರೂದು ಸಾಲಲಿಲ್ಲೇನು, ಅಲ್ಲಿ ಚೆಂಡೂ ಹೊತ್ತು ಬಂದ್ರಿ? ಒಂದು ವರ್ಷ ಆ ನಗು ಉಣ್ಣುವಾಗೆಲ್ಲ ಹಲ್ಲಿಗೆ ಕಲ್ಲಿನಂತೆ ಸಿಕ್ಕಿದೆ, ಇವತ್ತು ನಿಮ್ಮ ಪಾಳಿ — ಆದರೆ ಅವತ್ತು ನಕ್ಕವನು ಇವತ್ತು ಆಡಲು ಬಂದೇ ಇಲ್ಲ, ಇವತ್ತು ಎತ್ತಿದವನು ಅಂದಾನೆಪ್ಪ, ಎತ್ತಿದ್ದು ಸೋಮಪ್ಪನಿಗಾಗಿ, ಅವನು ಜಗಳಕ್ಕೂ ನಿಲ್ಲಲಿಲ್ಲ, ತಾನೇ ನಡೆದು ಬಂದು ಸುಣ್ಣದ ಗುರುತಿನ ಮೇಲೆ ಚೆಂಡಿಟ್ಟು ಮೆಲ್ಲಗೆ ಅಂದ, ಮೊದಲ ಅವನ ಕಾಲ ನೋಡ್ರಿ ಅಣ್ಣಾ, ಚೆಂಡ ಎಲ್ಲಿ ಓಡಿ ಹೋಗತೈತಿ. ನನಗ ಕಲಿಸಾಕ ನೀ ಯಾವಾಂವಲೇ ಎಂದು ಬೈಯಲು ಹೊರಟವನ ಕಣ್ಣಿಗೆ ಬಿತ್ತು, ಸೋಮಪ್ಪನ ಹತ್ತಿರ ಕುಳಿತವರೆಲ್ಲ ಕಿತ್ತೂರಿನ ಅಂಗಿಯವರು, ಬೈಲಹೊಂಗಲದವರು ಅಷ್ಟೂ ಮಂದಿ ಚೆಂಡಿನ ಸುತ್ತ. ಇದನ್ನು ಒಳಗೆ ಹೊಡೆದರೆ ನಾಳೆ ಈ ಸೀಮೆಯಲ್ಲಿ ಬಿದ್ದವನಿಗಾಗಿ ಯಾರು ಚೆಂಡು ಎತ್ತುತ್ತಾರೆ, ಬೇಕೆಂದೇ ಹೊರಗೆ ಹೊಡೆದರೆ ಈ ಊರಿನಲ್ಲಿ ಯಾರು ತನ್ನ ಮುಖ ನೋಡುತ್ತಾರೆ, ಮತ್ತೆ ಪದ್ಮವ್ವ, ಮತ್ತೆ ಪೇಟೆಯ ನಗು — ಸೀಟಿ. ತಲೆ ಎತ್ತಿದ. ಗೋಲಿನಲ್ಲಿ ಕಿತ್ತೂರಿನ ಗೋಲ್‌ಕೀಪರ್ ದಿಗಂಬರ, ಇಷ್ಟೊತ್ತು ಸೋಮಪ್ಪನ ಕಾಲಿಂದ ಬೂಟು ಬಿಚ್ಚುತ್ತಿದ್ದವನನ್ನು ರೆಫರಿ ಗದರಿಸಿ ಕಳಿಸಿದ್ದಾನೆ, ಬಿಚ್ಚಿದ ಬೂಟು ಕೈಯಲ್ಲೇ ಇದೆ, ಅಂಗಿಯ ಚುಂಗಿನಿಂದ ಅದರ ಕೆಸರು ಒರೆಸುತ್ತಿದ್ದಾನೆ. ಉಳಿದವರೆಲ್ಲ ಬರಿಗಾಲಿಗೆ ಪಟ್ಟಿ ಸುತ್ತಿಕೊಂಡು ಆಡುವಾಗ ಸೋಮಪ್ಪ ಒಬ್ಬನೇ ಬೆಳಗಾವಿಗೆ ಹೋಗಿ ತಂದ ಬೂಟು, ಯಾರ ಲಗ್ನಕ್ಕ ಹೊಂಟಿಯೋ ಎಂದು ಬೆಳಿಗ್ಗೆ ಲಗಮಪ್ಪನೇ ಕಿಚಾಯಿಸಿದ್ದ, ಹುಡುಗ ನಾಚಿ ತಲೆ ತಗ್ಗಿಸಿದ್ದ. ಅದನ್ನ ಕೆಳಗ ಇಡೋ ಲೇ, ಲಗಮಪ್ಪ ಕೂಗಿದ. ದಿಗಂಬರ ಬೂಟನ್ನು ಇನ್ನಷ್ಟು ಎದೆಗೆ ತಂದುಕೊಂಡ. ರಾಡ್ಯಾಗ ಇಡಬ್ಯಾಡ ಅಂದಾನ್ರಿ ಸೋಮಪ್ಪ, ಹೊಸಾವಂತ ಕಾಕಾ. ಮತ್ತೆ ಸೀಟಿ, ಹೊಡಿ, ಹೊಡಿ, ಕಾಲು ಮುರಕೊಂಡಾನ, ಬೂಟಿನ ಚಿಂತಿ ಮಾಡತಾನ, ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂದು ತಿಳಿಯುವ ಮೊದಲೇ ಕಾಲು ಓಡಿತ್ತು, ಬಡಿದಿತ್ತು, ದಿಗಂಬರನ ಕೈ ಮೇಲೆದ್ದಿತು, ತಡೆಯಲಿಕ್ಕಲ್ಲ, ಚೆಂಡಿನ ರಾಡಿ ಸಿಡಿಯಬಾರದೆಂದು ಬೂಟನ್ನು ತಲೆಯ ಮೇಲೆ ಎತ್ತಿ ಹಿಡಿದ, ಚೆಂಡು ಅವನ ಬಗಲ ಕೆಳಗಿಂದ ಒಳಗೆ ಹೋಯಿತು — ಯಾರೋ ಲಗಮಪ್ಪನ ತೊಡೆ ಹಿಡಿದರು, ಯಾರೋ ಎತ್ತಿದರು, ಹೆಗಲ ಮೇಲೆ, ಕಣ್ಣೊಳಗೆ ಗುಲಾಲು, ಇಳಸ್ರಲೇ ನನ್ನ, ಅವನ ಕಾಲ ನೋಡಬೇಕು, ಇಳಸ್ರಿ, ಯಾರಿಗೂ ಕೇಳುತ್ತಿಲ್ಲ, ಇಷ್ಟು ಎತ್ತರದಿಂದಲೂ ಸೋಮಪ್ಪ ಕಾಣುತ್ತಿಲ್ಲ, ಜನವೋ ಜನ, ಜನದ ಆಚೆ ಮೇಲೆತ್ತಿದ ಒಂದು ಕೈ, ಕೈಯಲ್ಲಿ ಬೂಟು, ಇನ್ನೂ ಕೆಳಗಿಳಿಸಿಲ್ಲ, ಬೂಟು, ಇನ್ನೂ ಕೆಳಗಿಳಿಸಿಲ್ಲ, ಬೂಟು