ಕಾವೇರಿಯಲ್ಲಿ ಮರೆಯಾಗುವ ಮುಚ್ಚಳ

ನಾನು ಒಂದು ಮುಚ್ಚಳ. ಮೈಸೂರಿನ ಪಾತ್ರೆ ಕಾರ್ಖಾನೆಯಲ್ಲಿ ಒಂದು ದೊಡ್ಡ ಅನ್ನದ ಪಾತ್ರೆಗೆ ಜೋಡಿಯಾಗಿ ಹುಟ್ಟಿದೆ. ಯಾರೋ ಅವಸರದಲ್ಲಿ ಪಾತ್ರೆಯನ್ನಷ್ಟೇ ಮದುವೆಮನೆಗೆ ಹೊತ್ತೊಯ್ದರು. ನಾನು ಅಂಗಡಿಯ ಮೂಲೆಯಲ್ಲಿ ಉಳಿದೆ.

ಒಂಟಿ ಮುಚ್ಚಳವನ್ನೇ ಕೇಳಿಕೊಂಡು ಬಂದವಳು ಭಾನುಮತಿ. ಕಾವೇರಿಯ ನೀರಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ನನ್ನ ಮುಖವನ್ನು ನಾಲ್ಕು ಪಾಲು ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದಳು. ನಡುವೆ ತೂತು ಕೊರೆದು ಗಂಟುಗಳಿದ್ದ ಹಗ್ಗ ಕಟ್ಟಿದಳು.

ಮರೆಯಾಗುವುದೇ ನನ್ನ ಹೊಸ ಉದ್ಯೋಗ. ನೀರಿಗಿಳಿದ ನಾನು ಎಲ್ಲಿ ಕಾಣದಂತಾಗುತ್ತೇನೋ ಅಲ್ಲಿಗೆ ಹಗ್ಗದ ಎಷ್ಟು ಗಂಟು ಮುಳುಗಿತೆಂದು ಎಣಿಸುತ್ತಾರೆ. ಹೆಚ್ಚು ಇಳಿದರೆ ನೀರು ತಿಳಿ. ಅವಳು ನದಿಯ ನೀರು ತುಂಬಿಕೊಳ್ಳುವ ಸೀಸೆಗಳು ಪ್ರಯೋಗಾಲಯಕ್ಕೆ ಹೋಗಿ ಮಾತಾಡುತ್ತವೆ. ನಾನು ಹೇಳುವುದು ದಡದಲ್ಲಿ ನಿಂತ ಎಲ್ಲರಿಗೂ ಕಾಣುತ್ತದೆ. ನಾನು ಮರೆಯಾಗುವ ಹೊತ್ತಿಗೆ ನನಗೂ ಮೇಲಿನ ಮುಖಗಳು ಮರೆಯಾಗುತ್ತವೆ.

ಸ್ನಾನಘಟ್ಟದ ಪುರೋಹಿತರು ಗುಂಡಾ ಜೋಯಿಸರು. ಮೊದಲ ದಿನವೇ ತಡೆದರು.

"ಹೆತ್ತ ತಾಯಿನ ಪರೀಕ್ಷೆ ಮಾಡ್ತೀಯೇನಮ್ಮ?"

"ತಾಯಿಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡಲ್ವೇ, ಸ್ವಾಮಿ?"

ಜೋಯಿಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೂ ಮಾರುವ ಸಣ್ಣತಾಯಮ್ಮ ಮಾತ್ರ ನಕ್ಕಳು. "ಅನ್ನ ಮುಚ್ಚೋ ತಟ್ಟೆ ತಂದು ಹೊಳೆ ಅಳೀತಾಳಂತೆ ಕಣ್ರಪ್ಪ."

ಆ ಬೇಸಿಗೆಯಲ್ಲಿ ನಾನು ಎರಡನೇ ಗಂಟಿಗೇ ಮರೆಯಾಗುತ್ತಿದ್ದೆ. ಜನ ಹೂವು, ಉಟ್ಟ ಬಟ್ಟೆ ಎಲ್ಲವನ್ನೂ ನೀರಿಗೆ ಬಿಡುತ್ತಿದ್ದರು. ಭಾನುಮತಿ ಮೆಟ್ಟಿಲ ಮೇಲೆ ದೊಡ್ಡ ಬುಟ್ಟಿಯೊಂದನ್ನು ಇಟ್ಟಳು. ಒಂದು ತಿಂಗಳು ಎಲ್ಲವೂ ಬುಟ್ಟಿಗೆ. ಆಮೇಲೂ ನಾನು ಎರಡು ಗಂಟು ದಾಟದಿದ್ದರೆ ಬುಟ್ಟಿಯೂ ಇಲ್ಲ, ಅವಳೂ ಇಲ್ಲ. ಸಣ್ಣತಾಯಮ್ಮನ ಷರತ್ತು ಅದು. ಹೂವು ನೀರಿಗೆ ಬೀಳದಿದ್ದರೆ ಕೊಳ್ಳುವವರು ಯಾರೆಂದು ಅವಳಿಗೆ ದಿಗಿಲು.

ಮೋಸವಾಗದಿರಲೆಂದು ಕೊನೆಯ ದಿನ ನನ್ನನ್ನು ಇಳಿಸುವ ಕೆಲಸ ಜೋಯಿಸರದಾಯಿತು. ಭಾನುಮತಿ ಆಚೆ ಸೀಸೆ ತುಂಬುತ್ತಿದ್ದಳು. ಜೋಯಿಸರು ನನ್ನ ಮುಖ ನೋಡಿದರು. ಶುಭಕಾರ್ಯಕ್ಕೆ ಹೊರಟವನ ಮುಖದಲ್ಲಿ ಬೋಳು ಬಿಳಿ ಅವರಿಗೆ ಸರಿಕಾಣಲಿಲ್ಲ. ಎಣ್ಣೆಯಲ್ಲಿ ಕಲಸಿದ ಅರಿಸಿನವನ್ನು ಬಿಳಿಯ ಮೇಲೆಲ್ಲ ಬಳಿದು, ಕುಂಕುಮವಿಟ್ಟು, ಕಣ್ಣುಮುಚ್ಚಿ ಕೈಮುಗಿದರು. ನನಗೆ ಮದುಮಗನ ಖುಷಿ.

ಇಳಿದೆ. ಎರಡನೇ ಗಂಟು ನೀರು ಮುಟ್ಟುವ ಮೊದಲೇ ಮರೆಯಾದೆ.

ಓಡಿಬಂದ ಭಾನುಮತಿ ಹಗ್ಗದ ಗಂಟನ್ನು ಎರಡೆರಡು ಸಲ ಎಣಿಸಿದಳು. ಜೋಯಿಸರು ನನ್ನನ್ನು ಮೇಲೆಳೆದರು. ನನ್ನ ಮುಖ ನೋಡಿದ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಸ್ವಾಮಿ, ಬಿಳಿ ಎಲ್ಲೋಯ್ತು? ಬಿಳಿ ಇಲ್ದಿದ್ರೆ ನೀರೊಳಗೆ ಇದು ಹೇಗೆ ಕಾಣುತ್ತೆ?"

ಜೋಯಿಸರು ತಮ್ಮ ಹಳದಿ ಅಂಗೈ ನೋಡಿಕೊಂಡರು. "ನಿನಗೆ ಒಳ್ಳೇದಾಗಲಿ ಅಂತ್ಲೇ ಬಳಿದೆ ಕಣಮ್ಮ."

ಸಣ್ಣತಾಯಮ್ಮ ಎದ್ದಳು. ಗೆದ್ದಿದ್ದವಳು ಅವಳೇ. ನನ್ನನ್ನು ಕಿತ್ತುಕೊಂಡು ಸೀಗೆಪುಡಿ ಹಾಕಿ ಗಸಗಸ ಉಜ್ಜತೊಡಗಿದಳು.

"ಅರಿಸಿನ ಗೆಲ್ಲಿಸಿದ್ರೆ ಅದು ನಾ ಗೆದ್ದಂಗಾ? ಇಳಿಸಿ ಸ್ವಾಮಿ, ಈಗ ನೋಡುವ."

ಮತ್ತೆ ಇಳಿದೆ. ಎರಡನೇ ಗಂಟು ಮುಳುಗಿತು. ಜೋಯಿಸರ ಮೂಗು ಇನ್ನೂ ಕಾಣುತ್ತಿತ್ತು. ಮೂರನೆಯದೂ ಮುಳುಗಿತು, ಸಣ್ಣತಾಯಮ್ಮನ ಎಲೆಯಡಿಕೆಯ ಕೆಂಪು ಬಾಯಿ ತೆರೆದೇ ಇತ್ತು. ಆಮೇಲೆ ನಿಧಾನವಾಗಿ ನಾವೆಲ್ಲ ಒಬ್ಬರಿಗೊಬ್ಬರು ಮರೆಯಾದೆವು.

ಬುಟ್ಟಿ ಉಳಿಯಿತು. ಜನ ಹೂವು ಕೊಳ್ಳುವುದನ್ನೂ ಬಿಡಲಿಲ್ಲ. ದೇವಿಗೆ ತೋರಿಸಿ ಬುಟ್ಟಿಗೆ ಹಾಕುತ್ತಾರೆ.

ನನಗೀಗ ವಯಸ್ಸಾಗಿದೆ, ಬಣ್ಣ ಉದುರಿದೆ. ಭಾನುಮತಿ ಹೊಸ ತಟ್ಟೆ ತಂದಿದ್ದಾಳೆ. ಅದನ್ನು ಇಳಿಸುವ ಮುನ್ನ ಜೋಯಿಸರು ಕೈ ತೊಳೆದು ಎಲ್ಲರಿಗೂ ತೋರಿಸುತ್ತಾರೆ. ನನ್ನನ್ನು ಗುಜರಿಗೆ ಹಾಕಲು ಸಣ್ಣತಾಯಮ್ಮ ಬಿಡಲಿಲ್ಲ. ಮೇಕೆಗಳು ಬುಟ್ಟಿಗೆ ಬಾಯಿ ಹಾಕದಂತೆ ಅದರ ಮೇಲೆ ನನ್ನನ್ನು ಮುಚ್ಚಿದಳು. ಅಳತೆ ಸರಿಯಾಗಿ ಕೂತಿತು. ಇಷ್ಟು ವರ್ಷ ಮರೆಯಾಗುತ್ತಿದ್ದವನು ಈಗ ಇಡೀ ದಿನ ಎಲ್ಲರಿಗೂ ಕಾಣುತ್ತೇನೆ, ನನ್ನ ಕೆಳಗೆ ಘಮಘಮಿಸುವ ಒಂದು ಜೋಡಿಯೊಂದಿಗೆ.