ನಿಲ್ಲಿಸಿಟ್ಟ ಬಾಟಲಿಗಳು

ನಮ್ಮ ಯಜಮಾನರು ಮನೆಯ ಒಂದೇ ಒಂದು ಕೆಲಸವನ್ನಾದರೂ ಹೊತ್ತಿಗೆ ಸರಿಯಾಗಿ ಮಾಡಿದ್ದಾರೆಂದು ಯಾರಾದರೂ ತೋರಿಸಿಕೊಟ್ಟರೆ ಅವರ ಕಾಲಿಗೆ ಬೀಳುತ್ತೇನೆ. ಗ್ರಂಥಪಾಲಕರಾಗಿದ್ದವರು. ಪುಸ್ತಕ ವಾಪಸು ಕೊಡುವುದು ಒಂದು ದಿನ ತಡವಾದರೂ ಮುಖ ಮೋರೆ ನೋಡದೆ ದಂಡ ಹಾಕುತ್ತಿದ್ದ ಮನುಷ್ಯ, ಮನೆಗೆ ಬಂದರೆ ಮಾತ್ರ ಎಲ್ಲದಕ್ಕೂ "ಮುಂದಿನ ವರ್ಷ ನೋಡೋಣ ಕಣೇ" ಎನ್ನುವವರು. ನನ್ನದು ಮೊದಲೇ ಜೋರು ಬಾಯಿ. ಇಂಥವರ ಜೊತೆ ಬಾಳಿದರೆ ಮೂಕಿಗೂ ಮಾತು ಬರುತ್ತದೆ ಬಿಡಿ.

ಮದುವೆಯಾದ ಹೊಸದರಲ್ಲಿ ನಮ್ಮ ಬಾಡಿಗೆ ಕೋಣೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಒಂದು ಸಂಜೆ ಇವರು ಎರಡು ಬಾಟಲಿ ಕೆಂಪು ವೈನ್ ತಂದರು. ನೆಲದ ಮೇಲೆ ಕೂತು ಚಹಾದ ಲೋಟಗಳಲ್ಲಿ ಒಂದನ್ನು ಕುಡಿದೆವು. ಮೊದಲು ಮಾಗಿದ ಹಣ್ಣಿನ ಸಿಹಿ, ಆಮೇಲೆ ನಾಲಿಗೆಯ ಎರಡೂ ಪಕ್ಕ ಹಿಡಿದುಕೊಳ್ಳುವ ಒಗರು. ಅಂಥದ್ದನ್ನು ನಾನು ಮತ್ತೆ ಕುಡಿದಿಲ್ಲ. ಇನ್ನೊಂದನ್ನೂ ತೆಗೀರಿ ಅಂದೆ. "ಬೇಡ, ಒಳ್ಳೆ ದಿನಕ್ಕೆ ಇರಲಿ" ಅಂದರು. ಇಟ್ಟರು. ಅಲ್ಲಿಂದ ಶುರುವಾಯಿತು ನೋಡಿ ಇಡುವ ಹುಚ್ಚು.

ಆಮೇಲೆ ಕೊಂಡ ಮನೆಯಲ್ಲಿ ಕಲ್ಲುಗೋಡೆಯ ನೆಲಮಾಳಿಗೆಯಿತ್ತು. ಬೇಸಿಗೆಯಲ್ಲೂ ತಣ್ಣಗಿರುವ ಜಾಗ. ಒಂದೊಂದು ನೆಪಕ್ಕೆಂದು ಕೊಂಡು ಕುಡಿಯದೆ ಇಟ್ಟ ಬಾಟಲಿಗಳು ಅಲ್ಲಿ ಮರದ ಗೂಡುಗಳಲ್ಲಿ ಮಲಗಿದ್ದವು. ನಿವೃತ್ತಿಯಾದದ್ದೇ ತಡ, ಇವರು ಒಂದು ಕರಿಹಲಗೆ ತಂದು ಅಲ್ಲಿ ನೇತುಹಾಕಿ ಮೇಲ್ಗಡೆ "ಗುರಿಗಳು" ಎಂದು ಬರೆದರು. ಏನೇನು ಇದೆಯೆಂದು ಮೊದಲು ತಿಳಿಯಬೇಕು; ತಿಂಗಳಿಗೊಂದು ತೆರೆಯಬೇಕು; ಕುಡಿಯದೆ ಹೊಸದು ಕೊಳ್ಳಬಾರದು. ಮೊದಲನೆಯ ಗುರಿಗಾಗಿ ವಾರಗಟ್ಟಲೆ ಒದ್ದಾಡಿದರು. ಗೂಡು ಕಿತ್ತು ಕಪಾಟು ಮಾಡಿಸಿ, ಒಂದೊಂದು ಬಾಟಲಿಯನ್ನೂ ಒರೆಸಿ, ಹೆಸರು ಮುಂದೆ ಕಾಣುವ ಹಾಗೆ ಸಾಲಾಗಿ ನಿಲ್ಲಿಸಿ, ಯಾವ ದಿನಕ್ಕೆಂದು ಕೊಂಡಿಟ್ಟದ್ದೋ ಅದನ್ನು ಬರೆದು ಕುತ್ತಿಗೆಗೊಂದು ಚೀಟಿ ಕಟ್ಟಿದರು. ಥೇಟ್ ಅವರ ಗ್ರಂಥಾಲಯವೇ. ನಾನೂ ಮೆಟ್ಟಿಲ ಮೇಲೆ ನಿಂತು "ಪರವಾಗಿಲ್ವೇ, ಚೆನ್ನಾಗಿ ಕಾಣುತ್ತೆ" ಅಂದಿದ್ದೆ. ಎರಡನೆಯ ಗುರಿ ಮಾತ್ರ ಪ್ರತಿ ವರ್ಷ ಅಳಿಸಿ, ಅದೇ ಜಾಗದಲ್ಲಿ ಇನ್ನಷ್ಟು ದುಂಡಗೆ ಬರೆಯುವುದಾಯಿತು. ಯಾವ ಬಾಟಲಿ ಕೇಳಿದರೂ "ಅದಿನ್ನೂ ಹದಕ್ಕೆ ಬಂದಿಲ್ಲ ಕಣೇ" ಎಂಬ ಒಂದೇ ರಾಗ.

ಹೀಗಿರುವಾಗ ನನ್ನ ನಾಲಿಗೆಯ ಪಕ್ಕದಲ್ಲಿ ಒಂದು ಹುಣ್ಣಾಯಿತು. ವಾಸಿಯಾಗಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡೇ ಹೇಳಿದರು. ನಾಲಿಗೆಯ ಮುಕ್ಕಾಲು ಪಾಲು ತೆಗೆಯಬೇಕು, ಜೀವ ಉಳಿಯುತ್ತದೆ. ಮಾತು? "ಈಗಿನ ಹಾಗೆ ಇರಲ್ಲಮ್ಮ." ರುಚಿ? ಅವರು ಇಲ್ಲವೆಂದು ತಲೆಯಾಡಿಸಿದರು. ಪಕ್ಕದಲ್ಲಿ ಇವರು ಕೊಡೆಯ ಹಿಡಿಯನ್ನು ತಿರುಗಿಸುತ್ತ ಕೂತಿದ್ದರು.

ಮನೆಗೆ ಬಂದವರೇ ನೆಲಮಾಳಿಗೆಗೆ ಇಳಿದು ಹಲಗೆ ಒರೆಸಿದರು. "ಅವಳು ಅಡ್ಮಿಟ್ ಆಗುವುದರೊಳಗೆ ಎಲ್ಲ ಒಳ್ಳೆಯವನ್ನೂ ತೆರೆಯುವುದು" ಎಂದು ಬರೆದರು. ಅಕ್ಷರ ಮೊದಲ ಸಲ ಸೊಟ್ಟಗೆ ಬಿದ್ದಿತ್ತು.

"ನನಗೆ ಎಲ್ಲ ಬೇಡ. ಆ ಜೋಡಿ ಬಾಟಲಿಯಲ್ಲಿ ಉಳಿದದ್ದು ಒಂದು ಬೇಕು. ಅದರ ರುಚಿ ನೋಡಿಕೊಂಡು ಹೋಗ್ತೀನಿ" ಅಂದೆ.

"ಕೊಡ್ತೀನಿ, ಖಂಡಿತ ಕೊಡ್ತೀನಿ. ಆದ್ರೆ ಕ್ರಮ ಅಂತ ಒಂದಿದೆಯಲ್ಲ, ಹಗುರದ್ದು ಮೊದಲು, ಗಾಢದ್ದು ಕೊನೆಗೆ..."

ಅಯ್ಯೋ, ಅವರ ಕ್ರಮಕ್ಕಿಷ್ಟು ಬೆಂಕಿ ಹಾಕ! ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ವಾರವೆಲ್ಲ ಬಾಟಲಿಗಳನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಜರುಗಿಸಿದ್ದೇ ಬಂತು. ಕೊನೆಗೆ ಅಡ್ಮಿಟ್ ಆಗುವ ದಿನವೇ ಬಂದುಬಿಟ್ಟಿತು. ಮಾರನೆಯ ಬೆಳಿಗ್ಗೆಯೇ ಆಪರೇಷನ್. ಸಂಜೆಗೆ ಟ್ಯಾಕ್ಸಿ ಹೇಳಿಯಾಗಿತ್ತು, ನನ್ನ ಚೀಲ ಬಾಗಿಲ ಹತ್ತಿರವಿತ್ತು. ಮಧ್ಯಾಹ್ನ ಊಟವಾದ ಮೇಲೆ ಇವರು ಒಂದಷ್ಟು ಬಾಟಲಿಗಳನ್ನು ಅಡುಗೆಮನೆಯ ಮೇಜಿಗೆ ತಂದಿಟ್ಟರು.

ಮೊದಲನೆಯದರ ಬಿರಡೆಗೆ ತಿರುಪು ಹಾಕಿ ಎಳೆದರೆ ಅದು ಹಳೆಯ ರಸ್ಕಿನಂತೆ ಪುಡಿಪುಡಿಯಾಯಿತು. ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಕೊಟ್ಟರು. ಬಾಯಿಗಿಟ್ಟೆ. ಹುಣ್ಣಿನ ಮೇಲೆ ಬಿದ್ದದ್ದೇ ಕಣ್ಣಲ್ಲಿ ನೀರು ಬಂತು. ವಿನೆಗರ್!

"ಒಂದು ಕೆಟ್ಟಿರಬಹುದು" ಅಂದರು. ಎರಡನೆಯದೂ ಅದೇ. ಮೂರನೆಯದನ್ನು ನನಗೆ ಕೊಡಲಿಲ್ಲ, ತಾವೇ ಮೂಸಿ ಪಕ್ಕಕ್ಕಿಟ್ಟರು. ಒಂದಾದ ಮೇಲೊಂದು ಬಿರಡೆ ಪುಡಿಯಾಗುತ್ತಿತ್ತು, ಅಡುಗೆಮನೆಯೆಲ್ಲ ಹುಳಿ ವಾಸನೆ. ನಾನು ಗಟ್ಟಿಯಾಗಿ ಮೇಜು ಹಿಡಿದುಕೊಂಡು, "ನಮ್ಮದನ್ನ ತೆಗೀರಿ" ಅಂದೆ.

ತೆಗೆದರು. ಬಿರಡೆ ಎಳೆಯುವುದೇ ಬೇಕಾಗಲಿಲ್ಲ, ತಿರುಪು ತಾಗಿದ್ದೇ ಒಳಗೆ ಬಿದ್ದುಹೋಯಿತು. ಚಹಾದ ಲೋಟಕ್ಕೇ ಸುರಿದು ಕೊಟ್ಟರು. ಅದರ ಬಣ್ಣ ತುಕ್ಕಿನ ನೀರಿನ ಹಾಗಿತ್ತು. ಆದರೂ ಕುಡಿದೆ. ಬಾಯೊಳಗಿಟ್ಟುಕೊಂಡು, ಉರಿದರೂ ನುಂಗದೆ, ಆ ಹಣ್ಣು ಎಲ್ಲಾದರೂ ಇದೆಯೇ, ಆ ಒಗರು ಒಂಚೂರಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

ಇವರು ನೆಲದ ಮೇಲೆ ಕುಸಿದು ಕೂತರು. ಬಿರಡೆಯ ಪುಡಿಯನ್ನು ಅಂಗೈಯಲ್ಲಿ ಉಜ್ಜುತ್ತ, "ಮಲಗಿಸಿಡಬೇಕಿತ್ತು ಕಣೇ. ಮಲಗಿಸಿದ್ರೆ ವೈನ್ ತಾಗಿ ಬಿರಡೆ ಒದ್ದೆಯಾಗಿರುತ್ತೆ. ನಾನು ಹೆಸರು ಕಾಣಲಿ ಅಂತ ನಿಲ್ಲಿಸಿಬಿಟ್ಟೆ. ಒಣಗಿ, ಗಾಳಿ ಹೊಕ್ಕು... ಎಲ್ಲಾ ಹೋಯ್ತು. ಎಲ್ಲಾನೂ" ಅಂದರು. ದೊಡ್ಡ ಗಂಡಸು, ಮಗುವಿನ ಹಾಗೆ ಬಿಕ್ಕಿದರು.

ನನಗೆ ಬಂದ ಸಿಟ್ಟು ಹೇಳತೀರದು. ಅಷ್ಟು ವರ್ಷದ್ದೆಲ್ಲ ಗಂಟಲಿಗೆ ಬಂದು ನಿಂತಿತ್ತು. ಆದರೆ ಅವರ ಬೋಳು ನೆತ್ತಿ ನೋಡುತ್ತ ನಿಂತವಳಿಗೆ ಬಾಯೇ ಬರಲಿಲ್ಲ. ಅವರು ತಲೆಯೆತ್ತಿದರು.

"ಯಾಕೆ ಸುಮ್ಮನಿದೀಯ? ಬೈಯೇ."

"ಏನಂತ ಬೈಯಲಿ?"

"ಏನಾದ್ರೂ ಬೈಯಿ. ಇವತ್ತು ಬೈಯದಿದ್ರೆ ಇನ್ಯಾವತ್ತು ಬೈತೀಯ? ಯಾರು ಬೈತಾರೆ ನನ್ನ?"

ಆಗ ಅರ್ಥವಾಯಿತು, ಈ ಮನುಷ್ಯನಿಗೆ ವೈನ್ ಹೋದದ್ದಕ್ಕಿಂತ ನನ್ನ ಮಾತು ಹೋಗುತ್ತದೆಂಬ ಭಯವೇ ದೊಡ್ಡದಿತ್ತು ಎಂದು. ನನಗೂ ಅದೇ ಭಯವಿತ್ತು, ಹೇಳಿರಲಿಲ್ಲ ಅಷ್ಟೆ.

"ಏಳಿ ಮೇಲೆ. ಈ ಹಾಳು ನೀರನ್ನೆಲ್ಲ ಸಿಂಕಿಗೆ ಚೆಲ್ಲಿ, ಒಂದೊಂದಾಗಿ. ಚೀಟಿ ಓದಿ ಚೆಲ್ಲಿ."

ಅವರು ಎದ್ದು ಮೂಗು ಒರೆಸಿಕೊಂಡು ಓದಿದರು. "ಹೊಸ ಮನೆಗೆ."

"ಹೊಸ ಮನೆ! ನೆನಪಿದೆಯೇನ್ರೀ? ಬಂದ ದಿನವೇ ಪೈಪು ಒಡೆದು ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು. ನಾನು ಬಕೆಟ್ ಹಿಡಿದು ಬಳೀತಿದ್ರೆ, ನೀವು ಮೆಟ್ಟಿಲ ಮೇಲೆ ನಿಂತು ಪ್ಲಂಬರ್‌ಗೆ ಪುಸ್ತಕ ಓದಿ ಹೇಳ್ತಿದ್ರಿ! ಅವನು ಪಾನಾ ಬಿಸಾಕಿ ಹೋದ!"

ಅವರಿಗೆ ಅಳುವಿನ ನಡುವೆ ನಗು ಬಂತು. ಚೆಲ್ಲಿದರು. ಸಿಂಕು ಗಳಗಳ ಅಂದಿತು. "ಹೆಂಡತಿಯ ಐವತ್ತಕ್ಕೆ."

"ಆ ದಿನ ಎಲ್ಲಿದ್ರಿ ಸ್ವಾಮಿ? ಗ್ರಂಥಾಲಯದಲ್ಲಿ ಗೆದ್ದಲು ಹುಡುಕ್ತಿದ್ರಿ!"

ಬೈದೆ. ಚೆನ್ನಾಗಿ ಬೈದೆ. ಮಾತು ಆಗಲೇ ತೊದಲುತ್ತಿತ್ತು, ಒಂದೊಂದು ಶಬ್ದಕ್ಕೂ ಹುಣ್ಣು ಚುಳ್ಳೆನ್ನುತ್ತಿತ್ತು, ಆದರೂ ಬಿಡಲಿಲ್ಲ. ಅವರು ಪ್ರತಿ ಬಾಟಲಿಗೂ "ಹೂಂ, ಆಮೇಲೆ?" ಎನ್ನುತ್ತಿದ್ದರು. ಮೇಜಿನ ಮೇಲೆ ಇನ್ನೂ ಅರ್ಧ ಬಾಕಿಯಿದ್ದಾಗ ಹೊರಗೆ ಟ್ಯಾಕ್ಸಿಯ ಹಾರನ್ ಕೇಳಿಸಿತು.

ನಾನು ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಹೋಗ್ಲಿ, ನಡೀರಿ. ಉಳಿದದ್ದಕ್ಕೆ ನಾಳೆ ಬೈತೀನಿ" ಅಂದುಬಿಟ್ಟೆ.

ಅಂದ ಮೇಲೆ ಆ "ನಾಳೆ" ನನಗೇ ಕೇಳಿಸಿತು. ಇವರು ಖಾಲಿ ಬಾಟಲಿ ಹಿಡಿದು ನಿಂತಲ್ಲೇ ನಿಂತರು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಹಾರನ್ ಮತ್ತೆ ಆಯಿತು. ಅವರು ನಲ್ಲಿ ನಿಲ್ಲಿಸಿ, ಮೇಜಿನ ಮೇಲೆ ಉಳಿದ ಬಾಟಲಿಗಳ ಚೀಟಿಗಳನ್ನೆಲ್ಲ ಸರಸರ ಕಿತ್ತು ಜೇಬಿಗೆ ತುಂಬಿಕೊಂಡು, ನನ್ನ ಚೀಲ ಎತ್ತಿಕೊಂಡರು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿದ್ದೇ ಮೊದಲ ಚೀಟಿ ತೆಗೆದು ಓದಿದರು. ನಾನು ಅವರ ತೋಳು ಹಿಡಿದು ಶುರು ಮಾಡಿದೆ. ಡ್ರೈವರು ಒಂದು ಸಲ ಕನ್ನಡಿಯಲ್ಲಿ ನೋಡಿ ರೇಡಿಯೊ ಆರಿಸಿದ. ಅಂಗಡಿ ಬೀದಿ ದಾಟಿತು, ಸೇತುವೆ ದಾಟಿತು. ಆಸ್ಪತ್ರೆಯ ಗೇಟು ಕಂಡಾಗ ನಾನಿನ್ನೂ ಅವರ ಮಂಡಿ ಆಪರೇಷನ್ನಿನ ಚೀಟಿಯಲ್ಲೇ ಇದ್ದೆ.

ಗಾಡಿ ನಿಧಾನವಾಯಿತು. ಒಂದು ದಿನ ತಡವಾದರೂ ದಂಡ ಹಾಕುತ್ತಿದ್ದ ನಮ್ಮ ಯಜಮಾನರು ಮುಂದಕ್ಕೆ ಬಾಗಿ ಡ್ರೈವರಿನ ಭುಜ ಮುಟ್ಟಿದರು.

"ಇನ್ನೊಂದು ಸುತ್ತು ಹೊಡಿಯಪ್ಪ" ಅಂದರು. "ನಮ್ಮ ಮನೆಯವಳದು ಇನ್ನೂ ಮುಗಿದಿಲ್ಲ."